ರೀಲೇ ಇಲ್ಲದ ಜಪಾನಿ ಗಾಳ: ಈ "ತೆಂಕರ" ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ದೀರಾ?

ಸಾಗರದ_ಹೈದ (ಬೋಲ್ಡರ್, ಕೊಲರಾಡೊ)

ಕಳೆದ ಶನಿವಾರ ಮಗಳನ್ನು ಕರ್ಕೊಂಡು ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ಕಡೆ ಹೋಗಿದ್ದೆ. ಸಣ್ಣ ಹಳ್ಳ, ಜೋರಾಗಿ ಓಡಿ ಬಂದು ಹಾರಿದರೆ ದಾಟಬಹುದು ಅನ್ನೋ ಅಗಲ. ಅಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಬೆನ್ನಚೀಲದಿಂದ ಒಂದು ಮೊಳದ ಕೊಳವೆ ತೆಗೆದರು. ಎಳೆದರು, ಎಳೆದರು, ಎಳೀತಾನೇ ಇದ್ದರು. ಹನ್ನೆರಡು ಅಡಿ ಕೋಲಾಯ್ತು. ತುದಿಗೆ ದಾರ ಕಟ್ಟಿದರು. ದಾರ ಸುತ್ತೋ ರೀಲ್ ಹಾಕ್ತಾರೆ ಅಂತ ಕಾಯ್ತಾ ನಿಂತೆ, ಹಾಕಲೇ ಇಲ್ಲ. ಹತ್ತು ನಿಮಿಷದಲ್ಲಿ ನಾಲ್ಕು ಬ್ರೂಕ್ ಟ್ರೌಟ್ ಮೀನು. ನಾಲ್ಕನ್ನೂ ನೀರಿಗೆ ವಾಪಸ್ ಬಿಟ್ಟರು.

ನಾನು ಎರಡು ವರ್ಷದಿಂದ ಮಾಮೂಲಿ ಫ್ಲೈ ರಾಡು, ರೀಲು, ಮೂರು ಥರದ ದಾರ, ಡಬ್ಬಿ ತುಂಬ ಫ್ಲೈ (ಮುಳ್ಳಿಗೆ ಗರಿ ಸುತ್ತಿದ ಹುಸಿಹುಳ) ಇಟ್ಕೊಂಡು ಅದೇ ಹಳ್ಳಗಳಲ್ಲಿ ಒದ್ದಾಡ್ತಿದ್ದೀನಿ. ಮಗಳು "ಅಪ್ಪಾ, ನೀನು ಇಲ್ಲೀವರೆಗೆ ಎಷ್ಟು ಹಿಡಿದಿದ್ದೀಯ?" ಅಂದಳು. ಮಾತು ಬದಲಾಯಿಸಿದೆ.

ಆಯಮ್ಮ ಇದರ ಹೆಸರು ತೆಂಕರ, ಜಪಾನಿನದು ಅಂದರು. ಮನೆಗೆ ಬಂದು ಹುಡುಕಿದರೆ ರಾಶಿ ವಿಡಿಯೊ. ಎಲ್ಲದರಲ್ಲೂ ಮಂಜು, ಕೊಳಲು, ಝೆನ್, ಮೌನ. ಕೋಲಿಗೆ ನೂರೈವತ್ತು ಡಾಲರ್ ಮೇಲೆ. ನನಗಿರೋ ಅನುಮಾನ ಇಷ್ಟೆ: ಊರಲ್ಲಿ ಗದ್ದೆ ಅಂಚಿನ ಹಳ್ಳದಲ್ಲಿ ವಾಟೆ ಕೋಲಿಗೆ ನೈಲಾನ್ ದಾರ ಕಟ್ಟಿ ಎರೆಹುಳ ಚುಚ್ಚಿ ಕೂರ್ತಿದ್ದೆವಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಇದು ನಿಜವಾಗಿ ಹಳೇ ವಿದ್ಯೆಯೋ, ಅಮೆರಿಕದವರು ಕಟ್ಟಿದ ಕತೆಯೋ? ದುಡ್ಡು ಹಾಕಬಹುದಾ?

---

ಕೂಳಿ_ಸುಬ್ಬ (ತೀರ್ಥಹಳ್ಳಿ)

ತೆಂಕರ ಅಂದ್ರೆ ತೆಂಕಣದವರದ್ದೇ ಇರಬೇಕು ಮಾರಾಯ, ಹಂಗಾದ್ರೆ ನಮ್ದೇ! ನೂರೈವತ್ತು ಡಾಲರ್ ನನಗೆ ಕಳಿಸು, ಹಿತ್ತಲಲ್ಲಿ ವಾಟೆ ಮೆಳೆ ಇದೆ, ಇಪ್ಪತ್ತು ಕೋಲು ಕಡಿದು ಕಳಿಸ್ತೇನೆ. ಒಣಗಿಸಿ, ಹೊಗೆ ಹಾಕಿ, ಬೇಕಿದ್ರೆ ಝೆನ್ನೂ ಸವರಿ.

ಮಳೆಗಾಲದಲ್ಲಿ ಮೀನು ಹತ್ತಿ ಬರೋ ಹತ್ತುಮೀನಿನ ಕಾಲಕ್ಕೆ ಗದ್ದೆಗೆ ಕೂಳಿ ಅನ್ನೋ ಬಿದಿರಿನ ಮೀನುಬುಟ್ಟಿ ಇಡೋನಿಗೆ ಹಿಡಿದ ಮೀನನ್ನ ವಾಪಸ್ ಬಿಡೋದು ಮಾತ್ರ ಅರ್ಥ ಆಗೋದಿಲ್ಲ. ಬಿಡೋದಾದ್ರೆ ಹಿಡಿಯೋದು ಯಾಕೆ? ಮೀನು ನೋಡೋ ಆಸೆ ಇದ್ರೆ ಚಿಪ್ಪಲಗುಡ್ಡೆಗೋ ಶೃಂಗೇರಿಗೋ ಬನ್ನಿ, ಒಂದು ಪೊಟ್ಟಣ ಪುರಿ ತಗೊಳ್ಳಿ, ಕಾಲ ಬುಡಕ್ಕೇ ಬರ್ತಾವೆ.

---

ಮಾತ್ಸುಮೊತೊ_ಮಂಜ (ನಾಗಾನೊ, ಜಪಾನ್)

ಸುಬ್ಬಣ್ಣ, ನಗಿಸಿಬಿಟ್ರಿ. ಆದರೂ ಸಾಗರದವರ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೀತೀನಿ. ಈ ವಿಷಯದಲ್ಲಿ ನನಗೆ ಒಂದು ಹಳೇ ಸಿಟ್ಟಿದೆ.

ನಾನು ಚನ್ನರಾಯಪಟ್ಟಣದ ಕಡೆಯವನು. ಇಲ್ಲಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಊರಲ್ಲಿ ಕೆರೆ ಮೀನು ತಿಂದು ಗೊತ್ತೇ ಹೊರತು ಗಾಳ ಮುಟ್ಟಿದವನಲ್ಲ. ಇಲ್ಲಿ ನಮ್ಮ ಓಣಿಯಲ್ಲೇ ಇದ್ದ ಅಜ್ಜ ಒಬ್ಬರು, ಅರಣ್ಯದ ಕೆಲಸ ಮಾಡಿ ನಿವೃತ್ತರಾದವರು, ನನ್ನನ್ನು ಹಳ್ಳಕ್ಕೆ ಇಳಿಸಿದರು. ಮೊದಲ ವರ್ಷ ಏಳು ಸಲ ಹೋದೆ, ಸಿಕ್ಕಿದ್ದು ಒಂದೇ ಮೀನು. ಅದೂ ಉಗುಯಿ. ಇಲ್ಲಿ ಅದನ್ನು ಹಿಡಿದೆ ಅಂತ ಯಾರಿಗೂ ಹೇಳ್ಕೊಳ್ಳಲ್ಲ.

ಮೊದಲು ಹೆಸರು. ಜಪಾನಿಯಲ್ಲಿ "ತೆನ್ ಕರ" ಅಂದರೆ "ಆಕಾಶದಿಂದ" ಅಂತ ಓದಬಹುದು, ಮೀನಿಗೆ ಮೇಲಿಂದ ಹುಳ ಬಿದ್ದ ಹಾಗೆ ಕಾಣುತ್ತೆ ಅಂತ ವಿವರಣೆ ಕೊಡ್ತಾರೆ. ಚೆಂದವಾಗಿದೆ, ಆದರೆ ಆ ಪದವನ್ನು ಬರೆಯೋದು ಬರೀ ಉಚ್ಚಾರ ತೋರಿಸೋ ಕತಕಾನ ಅಕ್ಷರದಲ್ಲಿ, ಅರ್ಥ ಹೇಳುವ ಕಾಂಜಿ ಅಕ್ಷರ ಅದಕ್ಕಿಲ್ಲ. ನಮ್ಮ ಅಜ್ಜ ಯಾವತ್ತೂ ತೆಂಕರ ಅಂದವರೇ ಅಲ್ಲ. "ಕೆಬಾರಿ" ಅನ್ನೋರು. ಕೆ ಅಂದರೆ ಕೂದಲು, ಹರಿ ಅಂದರೆ ಸೂಜಿ, ಗಾಳದ ಮುಳ್ಳು. ಕೋಳಿ ಕತ್ತಿನ ಗರಿಯನ್ನು ಮುಳ್ಳಿಗೆ ಸುತ್ತಿದರೆ ಕೆಬಾರಿ ಆಯ್ತು. ಸುಬ್ಬಣ್ಣನ ವಾಟೆ ಕೋಲಿಗೂ ಇದಕ್ಕೂ ವ್ಯತ್ಯಾಸ ಇರೋದು ಇಲ್ಲೇ: ಎರೆಹುಳ ಇಲ್ಲ. ಮೀನಿಗೆ ಬರೀ ಮೋಸ.

ಇನ್ನು ಹಳೇದಾ ಅಂದ್ರೆ, ಹಳೇದೇ. 1878ರಲ್ಲಿ ಬ್ರಿಟಿಷ್ ರಾಜತಾಂತ್ರಿಕ ಅರ್ನೆಸ್ಟ್ ಸಾಟೋ ಇಲ್ಲಿನ ತಾತೆಯಾಮ ಬೆಟ್ಟಗಳ ಕಡೆ ನಡೆದಾಗ ಗರಿ ಗಾಳದಲ್ಲಿ ಮೀನು ಹಿಡಿಯೋದನ್ನು ತನ್ನ ದಿನಚರಿಯಲ್ಲಿ ಬರೆದಿದ್ದ. ಬರವಣಿಗೆಯ ಆಧಾರ ಕೇಳಿದರೆ ಎಲ್ಲರೂ ತೋರಿಸೋದು ಅದನ್ನೇ. ಹಿಡೀತಿದ್ದವರು ಓದು ಬರಹದವರಲ್ಲ, ಅವರು ಬರೆದಿಡೋದು ಎಲ್ಲಿಂದ ಬಂತು?

ನನ್ನ ಸಿಟ್ಟು ಈಗ ಬಂತು ನೋಡಿ. ಇವರು ಹಳ್ಳದ ದಡದಲ್ಲಿ ಕೂತು ಧ್ಯಾನ ಮಾಡ್ತಿದ್ದ ಸನ್ಯಾಸಿಗಳಲ್ಲ. ಇದನ್ನೇ ಹೊಟ್ಟೆಪಾಡು ಮಾಡ್ಕೊಂಡಿದ್ದ ಬೆಟ್ಟದ ಜನ. ಚಳಿಗಾಲದಲ್ಲಿ ಬೇಟೆ, ಬೇಸಿಗೆಯಲ್ಲಿ ಇವಾನಾ ಮೀನು. ಹಿಡಿದದ್ದನ್ನು ಬಿಸಿನೀರ ಬುಗ್ಗೆಗಳ ಹತ್ತಿರದ ವಸತಿಗೃಹಗಳಿಗೆ ಮಾರೋದು. ರೀಲ್ ಯಾಕಿಲ್ಲ ಅಂದರೆ ಕಂದರದಲ್ಲಿ ಬಂಡೆ ಹತ್ತೋಕೆ ಎರಡೂ ಕೈ ಬೇಕು, ಮೇಲೆ ಕೊಂಬೆ, ಕೆಳಗೆ ಬಿಳಿ ನೊರೆ ಹಾರೋ ನೀರು. ಇಪ್ಪತ್ತು ಮೀಟರ್ ದೂರ ದಾರ ಬೀಸೋಕೆ ಅಲ್ಲಿ ಜಾಗವೇ ಇಲ್ಲ. ಎರೆಹುಳ ಯಾಕಲ್ಲ ಅಂದರೆ ಪ್ರತಿ ಮೀನಿಗೂ ಹೊಸ ಹುಳ ಚುಚ್ಚೋ ಹೊತ್ತಿನಲ್ಲಿ ಇನ್ನೆರಡು ಮೀನು ಹಿಡೀಬಹುದು. ಗರಿ ಗಾಳಕ್ಕೆ ಆ ರಗಳೆ ಇಲ್ಲ. ಬಿದಿರು ಕಾಡಲ್ಲಿ ಸಿಗುತ್ತೆ, ದಾರಕ್ಕೆ ಕುದುರೆ ಬಾಲದ ಕೂದಲು ಹೊಸೆದರಾಯ್ತು, ಗರಿ ಮನೆ ಕೋಳಿಯದು. ಇದನ್ನು "ಸರಳತೆಯ ತತ್ವಜ್ಞಾನ" ಅಂತ ಮಾರೋದು ನೋಡಿದಾಗೆಲ್ಲ ನಮ್ಮಜ್ಜಿ ನೆನಪಾಗ್ತಾಳೆ. ಅವಳು ರಾಗಿ ಮುದ್ದೆ, ಸಾಮೆ ಅನ್ನ ಉಂಡದ್ದು ಸಕ್ಕರೆ ಕಾಯಿಲೆಗಲ್ಲ. ಅಕ್ಕಿ ಕೊಳ್ಳೋಕೆ ಕಾಸಿರಲಿಲ್ಲ. ಈಗ ಬೆಂಗಳೂರಿನ ಅಂಗಡೀಲಿ ಅದೇ ಸಾಮೆಗೆ ಹೊಳೆಯೋ ಪೊಟ್ಟಣ.

ಕಾಮಿಕೋಚಿ ಅಂತ ಇಲ್ಲೇ ಮಾತ್ಸುಮೊತೊ ಊರಿನ ಸರಹದ್ದಲ್ಲೇ ಬರೋ ಕಣಿವೆ ಇದೆ. ಪ್ರವಾಸಿಗರೆಲ್ಲ ಫೋಟೊ ತೆಗೆಸ್ಕೊಳ್ಳೋ ಕಪ್ಪ ಸೇತುವೆಯಿಂದ ಒಂದು ಗಂಟೆ ನಡೆದರೆ ಮ್ಯೋಜಿನ್ ಕೊಳ, ಅದರ ಪಕ್ಕ ಕಾಮೊಂಜಿ ಗುಡಿಸಲು. ಕಾಮಿಜೊ ಕಾಮೊಂಜಿ ಅನ್ನೋನು ಅಲ್ಲಿ ಬೇಟೆ, ಇವಾನಾ ಮೀನು ನಂಬ್ಕೊಂಡೇ ಬದುಕಿದ್ದ. ವಾಲ್ಟರ್ ವೆಸ್ಟನ್ ಅನ್ನೋ ಇಂಗ್ಲಿಷ್ ಪಾದ್ರಿ ಈ ಬೆಟ್ಟಗಳನ್ನು ಹತ್ತಿದಾಗ ದಾರಿ ತೋರಿಸಿದವನೂ ಇವನೇ. ವೆಸ್ಟನ್ ಕೊಟ್ಟ ಹಿಮಗೊಡಲಿ ಈಗಲೂ ಆ ಗುಡಿಸಲಿನ ಗೋಡೆ ಮೇಲಿದೆ. ನೆಲದ ಒಲೆಯ ಸುತ್ತ ಕಡ್ಡಿಗೆ ಚುಚ್ಚಿದ ಇವಾನಾ, ಬರೀ ಉಪ್ಪು ಸವರಿ, ನಿಧಾನಕ್ಕೆ ಸುಡ್ತಾರೆ. ತಲೆಯಿಂದ ಬಾಲದವರೆಗೆ ಮುಳ್ಳು ಸಮೇತ ತಿನ್ನಬಹುದು. ಹೊಗೆಯಲ್ಲಿ ಕಣ್ಣುರಿ ಬರುತ್ತೆ, ಆದರೂ ಎದ್ದು ಬರೋಕೆ ಮನಸ್ಸಾಗಲ್ಲ. ತೆಂಕರ ಅಂದರೆ ನನ್ನ ಮೂಗಿಗೆ ಬರೋ ವಾಸನೆ ಅದು, ಊದಿನಕಡ್ಡಿಯದಲ್ಲ. (ಕಾಮಿಕೋಚಿಯಲ್ಲಿ ಈಗ ಮೀನು ಹಿಡಿಯೋ ಹಾಗಿಲ್ಲ, ಕೋಲು ತಗೊಂಡು ಹೋಗಬೇಡಿ.)

ಇನ್ನೊಂದು ತಮಾಷೆ. ಅಮೆರಿಕದಲ್ಲಿ ಕೂತು ನೋಡಿದರೆ ಜಪಾನ್ ತುಂಬ ತೆಂಕರದವರೇ ಅನ್ನಿಸಬಹುದು. ಇಲ್ಲಿನ ಹಳ್ಳಗಳಲ್ಲಿ ನೀವು ಹೆಚ್ಚಾಗಿ ನೋಡೋದು ಎರೆ ಹಾಕೋರನ್ನ, ಹೊಳೆಯೋ ಲೂರ್ (ಹುಸಿಮೀನು) ಎಸೆಯೋರನ್ನ. ತೆಂಕರದವರು ಸಣ್ಣ ಗುಂಪು. ನನ್ನ ಕಾರ್ಖಾನೆಯ ಹುಡುಗರಿಗೆ ಹೇಳಿದರೆ "ಅದು ತಾತಂದಿರದ್ದಲ್ವಾ?" ಅಂತಾರೆ. ನಾನು ಫ್ಲೋರೋಕಾರ್ಬನ್ ದಾರ ತಗೊಳ್ಳೋ ಅಂಗಡಿಯ ಮುದುಕನ ಪ್ರಕಾರ ವಿದೇಶಿಗರು ಬಂದು ಕೇಳೋಕೆ ಶುರು ಮಾಡಿದ ಮೇಲೇ ಅವನು ಆ ಕೋಲುಗಳನ್ನು ಹಿಂದಿನ ಮೂಲೆಯಿಂದ ಮುಂಬಾಗಿಲಿಗೆ ತಂದಿಟ್ಟದ್ದು.

ಹಾಗಾದರೆ ಮೋಸವಾ? ಅಲ್ಲ. ಸಾಗರದವರೇ, ನೀವು ನೋಡಿದ ಹಳ್ಳಕ್ಕೆ ಇದು ಅಳತೆ ತಗೊಂಡು ಹೊಲಿದ ಅಂಗಿ. ಮಾಮೂಲಿ ಫ್ಲೈ ದಾರ ದಪ್ಪ, ಭಾರ. ನೀರಿನ ಮೇಲೆ ಬೀಳುತ್ತೆ. ಹಳ್ಳದಲ್ಲಿ ನಡುವೆ ಜೋರು, ಬಂಡೆ ಹಿಂದೆ ನಿಧಾನ, ಅಂಚಲ್ಲಿ ಸುಳಿ. ಒಂದೊಂದು ಓಟವೂ ದಾರವನ್ನು ಒಂದೊಂದು ಕಡೆ ಎಳೆಯುತ್ತೆ, ತುದಿಯ ಹುಸಿಹುಳ ಕಾಲುವೆಗೆ ಬಿದ್ದ ನಾಯಿಮರಿ ಥರ ಜಾರಿಕೊಂಡು ಹೋಗುತ್ತೆ. ಮೀನಿಗೆ ಗೊತ್ತಾಗಿಬಿಡುತ್ತೆ, ನಿಜವಾದ ಹುಳ ಹೀಗೆ ಹೋಗಲ್ಲ ಅಂತ. ತೆಂಕರದಲ್ಲಿ ಕೋಲು ಉದ್ದ, ದಾರ ಹಗುರ. ಕೈ ಎತ್ತಿ ಹಿಡಿದರೆ ದಾರವೆಲ್ಲ ಗಾಳಿಯಲ್ಲೇ ಇರುತ್ತೆ, ನೀರು ಮುಟ್ಟೋದು ಕೊನೆಯ ಒಂದಡಿ ತೆಳು ಎಳೆ ಮತ್ತು ಗಾಳ ಮಾತ್ರ. ಬಂಡೆ ಹಿಂದಿನ ತಟ್ಟೆಯಗಲದ ಶಾಂತ ನೀರಲ್ಲಿ ಅದನ್ನು ಮೂರು ಎಣಿಸೋವರೆಗೆ ನಿಲ್ಲಿಸಬಹುದು. ನಿಮ್ಮ ಎರಡು ವರ್ಷದ ಕಷ್ಟಕ್ಕೆ ಕಾರಣ ಬಹುಶಃ ಇದೇ.

ಗಾಳ ಕಟ್ಟೋದರಲ್ಲೂ ಒಂದು ಉಪಾಯವಿದೆ. ಸಕಾಸ ಕೆಬಾರಿ ಅಂತ. ಸಕಾಸ ಅಂದರೆ ತಿರುಗುಮುರುಗು. ಗರಿಯನ್ನು ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ ಕಟ್ಟಿರ್ತಾರೆ, ಗಾಳಿಗೆ ಮಡಚಿಕೊಂಡ ಕೊಡೆ ಥರ. ತುದಿಯನ್ನು ಮೆಲ್ಲಗೆ ಮಿಡಿದರೆ ಗರಿ ಮುಚ್ಚಿ ಬಿಚ್ಚಿ ಮಾಡುತ್ತೆ, ಉಸಿರಾಡಿದ ಹಾಗೆ.

---

ಹಳೇ_ರೀಲು (ಆಲ್ಬನಿ, ನ್ಯೂಯಾರ್ಕ್)

ಮಂಜ ಅವರ ಬರಹ ಸೊಗಸಾಗಿದೆ. ಮೂವತ್ತು ವರ್ಷದಿಂದ ರೀಲು ಸುತ್ತುತ್ತಿರುವ ನಾನು ಎರಡು ಮಾತು ಸೇರಿಸುತ್ತೇನೆ, ಒಂದು ಆಕ್ಷೇಪಣೆಯನ್ನೂ.

ಅಮೆರಿಕಕ್ಕೆ ಇದು ಬಂದ ಬಗೆ ನಮ್ಮ ರಾಜ್ಯಕ್ಕೇ ಸೇರಿದ ಕತೆ. 2009ರಲ್ಲಿ ಹಿಸಾವೊ ಇಶಿಗಾಕಿ ಎಂಬ ಜಪಾನಿ ಪ್ರಾಧ್ಯಾಪಕರು ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿರುವ ಫ್ಲೈ ಫಿಶಿಂಗ್ ಸಂಗ್ರಹಾಲಯದಲ್ಲಿ ತೆಂಕರ ಮಾಡಿ ತೋರಿಸಿದರು. ವಿಲ್ಲೊವೀಮಾಕ್ ಹೊಳೆಯ ದಡದ ಆ ಜಾಗ ಅಮೆರಿಕದ ಫ್ಲೈ ಗಾಳಗಾರರ ಪಾಲಿಗೆ ಕಾಶಿ. ಅದೇ ವರ್ಷ ಬ್ರೆಜಿಲ್ ಮೂಲದ ಡೇನಿಯಲ್ ಗಲ್ಹಾರ್ಡೊ "ತೆಂಕರ ಯುಎಸ್‌ಎ" ಎಂಬ ಕಂಪನಿ ಶುರು ಮಾಡಿದರು. ಆಮೇಲೆ ಚಾರಣದ ಉಡುಪು ಮಾರುವ ಪ್ಯಾಟಗೋನಿಯಾ ಕಂಪನಿಯ ಸ್ಥಾಪಕ ಇವಾನ್ ಶುನಾರ್ಡ್ ಇದರ ಪರ ನಿಂತರು. ಆದರೆ ಮೊದಲು ಕೊಂಡವರು ನಮ್ಮಂಥ ಗಾಳಗಾರರಲ್ಲ, ಬೆನ್ನಮೇಲೆ ಮನೆ ಹೊತ್ತು ವಾರಗಟ್ಟಲೆ ನಡೆಯುವ ಚಾರಣಿಗರು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ತೂಕ ಕಡಿಮೆ ಮಾಡಲು ಅರ್ಧಕ್ಕೆ ಕತ್ತರಿಸುವ ಜನ ಅವರು. ನೂರು ಗ್ರಾಂಗಿಂತ ಕಡಿಮೆ ತೂಗುವ, ಚೀಲದ ಬದಿಯಲ್ಲಿ ಸಿಕ್ಕಿಸಬಹುದಾದ ಕೋಲು ಕಂಡರೆ ಬಿಡುತ್ತಾರೆಯೇ? ಝೆನ್ ಮಾತುಗಳಿಗಿಂತ ಈ ತೂಕದ ಲೆಕ್ಕವೇ ಇದನ್ನು ಹೆಚ್ಚು ಹರಡಿಸಿತು ಎಂಬುದು ನನ್ನ ಅನಿಸಿಕೆ.

ಎರಡನೆಯದು: ರೀಲಿಲ್ಲದ ಗರಿ ಗಾಳ ಜಪಾನಿನ ಸ್ವಂತ ಆಸ್ತಿಯೇನಲ್ಲ. ಸುಮಾರು 1800 ವರ್ಷಗಳ ಹಿಂದೆ ಈಲಿಯನ್ ಎಂಬ ರೋಮನ್ ಲೇಖಕ, ಮ್ಯಾಸಿಡೋನಿಯಾದವರು ಮುಳ್ಳಿಗೆ ಕೆಂಪು ಉಣ್ಣೆ ಮತ್ತು ಹುಂಜದ ಗರಿ ಸುತ್ತಿ ಮೀನು ಹಿಡಿಯುವುದನ್ನು ವರ್ಣಿಸಿದ್ದಾನೆ: ಆರಡಿ ಕೋಲು, ಆರಡಿ ದಾರ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಕೈಪಿಡಿಯಲ್ಲೂ ರೀಲಿನ ಸುದ್ದಿಯಿಲ್ಲ. ಇಟಲಿಯ ವಾಲ್ಸೇಸಿಯ ಕಣಿವೆಯಲ್ಲಿ ಕುದುರೆ ಕೂದಲ ದಾರದ, ರೀಲಿಲ್ಲದ ಪದ್ಧತಿ ಇಂದಿಗೂ ಜೀವಂತವಾಗಿದೆ. ಯುರೋಪಿನ ಬಹುಪಾಲು ಕಡೆ ಮರೆತದ್ದನ್ನು ಜಪಾನಿನ ಬೆಟ್ಟದ ಜನ ಉಳಿಸಿಕೊಂಡರು, ಅಷ್ಟೇ.

ಆಕ್ಷೇಪಣೆ: ದೊಡ್ಡ ಮೀನಿಗೆ ಏನು ಮಾಡುತ್ತೀರಿ? ನಾವು ಹಿಡಿಯುವ ಸ್ಟೀಲ್‌ಹೆಡ್ ಹತ್ತು ಪೌಂಡ್ ತೂಗುತ್ತದೆ. ಅದು ಓಡಿದರೆ ದಾರ ಬಿಡಬೇಕು. ಬಿಡಲು ರೀಲೇ ಇಲ್ಲದಿದ್ದರೆ ನೀವೂ ಅದರ ಹಿಂದೆ ಓಡಬೇಕು. ಕೆರೆಯಲ್ಲಿ ಎದುರುಗಾಳಿಗೆ ಆ ಕೂದಲೆಳೆಯನ್ನು ಬೀಸಿ ನೋಡಿ, ನಿಮ್ಮ ಕಿವಿಗೇ ಬಂದು ಸಿಕ್ಕಿಕೊಳ್ಳುತ್ತದೆ. ಗೆಳೆಯನ ಕೋಲು ಪಡೆದು ನೋಡಿದ್ದೇನೆ, ಕಿವಿ ಸಾಕ್ಷಿ.

---

ಸಾಗರದ_ಹೈದ

ಇಬ್ಬರಿಗೂ ದೊಡ್ಡ ನಮಸ್ಕಾರ. ಮಂಜಣ್ಣ, ಹಾಗಾದ್ರೆ ಏನು ಕೊಳ್ಳಲಿ, ಹೇಗೆ ಶುರು ಮಾಡಲಿ, ಅದಷ್ಟೂ ಹೇಳಿಬಿಡಿ. ಮತ್ತೆ ಡಿಸೆಂಬರಲ್ಲಿ ಊರಿಗೆ ಬರ್ತಿದ್ದೀನಿ. ಅಲ್ಲಿ ಎಲ್ಲಾದರೂ ಬಳಸಬಹುದಾ?

---

ಮಾತ್ಸುಮೊತೊ_ಮಂಜ

ಹಳೇ ರೀಲಣ್ಣನ ಆಕ್ಷೇಪಣೆ ನೂರಕ್ಕೆ ನೂರು ಸರಿ. ಇದು ಗೇಣುದ್ದದ ಮೀನಿನ, ಬೆಟ್ಟದ ಹಳ್ಳದ ಗಾಳ. ಸ್ಟೀಲ್‌ಹೆಡ್‌ಗೆ ಇದನ್ನು ಹಿಡ್ಕೊಂಡು ಹೋಗೋದು ಆನೆ ಕಟ್ಟೋಕೆ ಸೆಣಬಿನ ದಾರ ತಂದ ಹಾಗೆ. ಆದರೆ ಸಾಗರದವರಿಗೆ ಬೇಕಾಗಿರೋದು ಬ್ರೂಕ್ ಟ್ರೌಟು. ಹೆಸರು ಟ್ರೌಟ್ ಆದರೂ ಅದು ಚಾರ್ ಅನ್ನೋ ಬಗೆಯ ಮೀನು, ನಮ್ಮ ಇವಾನಾ ಸೇರಿರೋ ಸಾಲ್ವೆಲಿನಸ್ ಅನ್ನೋ ಕುಲದ್ದೇ, ಅಣ್ಣತಮ್ಮಂದಿರ ಮಕ್ಕಳು. ಹಾಗಾಗಿ ನೀವು ನೋಡಿದ ಆಯಮ್ಮ ಕೊಲರಾಡೊದಲ್ಲಿ ಮಾಡ್ತಿದ್ದದ್ದು ನಮ್ಮ ಅಜ್ಜ ಇಲ್ಲಿ ಮಾಡ್ತಿದ್ದ ಕೆಲಸವನ್ನೇ, ಕೊನೆಯಲ್ಲಿ ಉಪ್ಪು ಸವರೋದೊಂದು ಬಿಟ್ಟು.

ಕೋಲು 3.3 ಇಲ್ಲ 3.6 ಮೀಟರ್ ಸಾಕು, ನಿಮ್ಮ ಹಳ್ಳಕ್ಕೆ ಅದಕ್ಕಿಂತ ಉದ್ದ ಬೇಡ, ಬರೀ ಕೊಂಬೆಗೆ ಸಿಕ್ಕುತ್ತೆ. ಕೋಲಿನ ಮೇಲೆ 7:3, 6:4 ಅಂತ ಬರೆದಿರ್ತಾರೆ. ಯಾವ ಜಾಗದಿಂದ ಬಾಗುತ್ತೆ ಅನ್ನೋ ಲೆಕ್ಕ ಅದು. 6:4 ಮೆತ್ತಗೆ, ಕಲಿಯೋರಿಗೆ ಅದೇ ವಾಸಿ. ಕೋಲಿನಷ್ಟೇ ಉದ್ದ ಫ್ಲೋರೋಕಾರ್ಬನ್ ದಾರ, ದಪ್ಪ ಮೂರೂವರೆ ನಂಬರ್. ಅದರ ತುದಿಗೆ ಮೂರಡಿ ತೆಳು ಎಳೆ, ಅಳತೆ 5ಎಕ್ಸ್. ನಾಲ್ಕು ಕೆಬಾರಿ, ನಾಲ್ಕೂ ಒಂದೇ ಥರ. ಡಬ್ಬಿ ತುಂಬಿಸೋ ಚಟ ಬಿಡಿ. ರೀಲಣ್ಣ ಹೇಳಿದ ಇಶಿಗಾಕಿ ಅವರು ಒಂದೇ ವಿನ್ಯಾಸದ ಗಾಳದಲ್ಲಿ ಕಾಲ ಹಾಕಿದವರು. ಮೀನು ಬರದಿದ್ದರೆ ಗಾಳ ಬದಲಾಯಿಸೋದಲ್ಲ, ನಿಂತ ಜಾಗ ಬದಲಾಯಿಸೋದು.

ಬೀಸೋದು ಕಷ್ಟವಿಲ್ಲ. ತೋರುಬೆರಳು ಕೋಲಿನ ಮೇಲಿರಲಿ. ಒದ್ದೆ ಕೈ ಕೊಡವಿದ ಹಾಗೆ ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ, ತಟ್ಟಂತ ನಿಲ್ಲಿಸಬೇಕು. ತೋಳಲ್ಲಿ ಶಕ್ತಿ ಹಾಕಿದಷ್ಟೂ ಕೆಡುತ್ತೆ. ನನಗೆ ಕಷ್ಟವಾಗಿದ್ದು ಅದಲ್ಲ, ನಡೆಯೋದು. ಮೀನು ನೀರು ಬರೋ ಕಡೆಗೆ ಮುಖ ಮಾಡಿ ನಿಂತಿರುತ್ತೆ, ಆದ್ದರಿಂದ ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ನೆರಳು ನೀರಿಗೆ ಬೀಳಬಾರದು. ಇಲ್ಲಿ "ಕಿಬಾಕೆ ಇಶಿಬಾಕೆ" ಅಂತಾರೆ, ಮರವಾಗು ಕಲ್ಲಾಗು ಅಂತ. ನಾನು ನಿಂತ ಚೆಂದ ನೋಡಿ ಅಜ್ಜ "ನೀನು ಕಲ್ಲಲ್ಲ, ರೈಲ್ವೆ ಸ್ಟೇಷನ್ನು" ಅಂದಿದ್ದರು.

ಇದೊಂದು ತಪ್ಪದೆ ಓದಿ. ಗಾಳ ಕೊಂಬೆಗೋ ಬಂಡೆಗೋ ಸಿಕ್ಕಿಕೊಂಡರೆ ಕೋಲಿನಿಂದ ಎಳೀಬೇಡಿ. ತುದಿಯ ತುಂಡು ಕಡ್ಡಿಪೆಟ್ಟಿಗೆ ಕಡ್ಡಿಗಿಂತ ತೆಳು, ಟಿಕ್ ಅಂತ ಹೋಗುತ್ತೆ. ಕೋಲು ಮಡಚಿ, ದಾರವನ್ನು ಕೈಯಲ್ಲೇ ನೇರ ಎಳೆದು ಬಿಡಿಸಿ ಇಲ್ಲ ಕಿತ್ತುಹಾಕಿ. ಹೋದರೆ ಒಂದು ಗಾಳ ಹೋಯ್ತು. ನಾನು ಹಾಗೆ ಎರಡು ತುದಿ ಕಳ್ಕೊಂಡಿದ್ದೀನಿ, ಎರಡನೆಯದು ಅಜ್ಜನ ಕೋಲಿಂದು. ಆ ದಿನ ವಾಪಸ್ ಬರುವಾಗ ಕಾರಲ್ಲಿ ಇಬ್ಬರೂ ಮಾತಾಡಲಿಲ್ಲ.

ಊರಿನ ವಿಷಯ. ಡಿಸೆಂಬರ್ ಅಂದ್ರಿ, ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಬ್ರೌನ್ ಟ್ರೌಟ್ ಇವೆ, ಆ ಹೊಳೆಗೆ ಈ ಕೋಲು ಚೆನ್ನಾಗಿ ಒಗ್ಗುತ್ತೆ. ಆದರೆ ನವೆಂಬರಿಂದ ಫೆಬ್ರವರಿವರೆಗೆ ಅಲ್ಲಿ ಟ್ರೌಟ್ ಹಿಡಿಯೋ ಹಾಗಿಲ್ಲ, ಮೊಟ್ಟೆ ಇಡೋ ಕಾಲ. ಮಾರ್ಚಿಗೆ ಬಂದರೆ ಮೀನುಗಾರಿಕೆ ಇಲಾಖೆಯ ಪರವಾನಗಿ ಮಾಡಿಸಿ ಹೋಗಿ. ಕಾವೇರಿಯ ಮಹಶೀರ್ ಆಸೆ ಮಾತ್ರ ಬೇಡ. ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ, 2018ರಲ್ಲಿ ತೀವ್ರ ಅಪಾಯದ ಪಟ್ಟಿಗೂ ಸೇರಿತು. ಕಾವೇರಿ ದಡದ ಭೀಮೇಶ್ವರಿಯಲ್ಲಿ ಗಾಳ ಹಾಕೋ ಕಾಲ ಮುಗಿದಿದೆ. ನಿಯಮ ಇಲ್ಲದಿದ್ದರೂ, ಐವತ್ತು ಕಿಲೊ ಮೀನು ಈ ಕೋಲಿಗೆ ಬಿದ್ದರೆ ಹಿಡಿಯೋದು ಯಾರು ಯಾರನ್ನ ಅಂತ ಬೇರೆ ಹೇಳಬೇಕಾ?

ಇಲ್ಲಿಗೇ ಬರೋದಾದರೆ ಹೇಳಿ. ಹೆಚ್ಚಿನ ಹಳ್ಳಗಳಲ್ಲಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತೆ. ಆಯಾ ಹೊಳೆಯ ಮೀನುಗಾರರ ಸಹಕಾರ ಸಂಘದ ದಿನದ ಚೀಟಿ ತಗೋಬೇಕು, ನಮ್ಮ ಕಡೆ ಪಕ್ಕದ ಅಂಗಡಿಯಲ್ಲೇ ಸಿಗುತ್ತೆ. ಆ ಸಂಘದವರೇ ಹೊಳೆಗೆ ಮರಿ ಬಿಡೋರು. ಕರಡಿಗೆ ಕೇಳಿಸೋಕೆ ಚೀಲಕ್ಕೊಂದು ಗಂಟೆ ಕಟ್ಟಿಕೊಂಡು ಬನ್ನಿ. ವಿಡಿಯೊದಲ್ಲಿ ನೋಡಿದ ಮಂಜು ಇರುತ್ತೆ, ಸುಳ್ಳಲ್ಲ. ಜೊತೆಗೆ ಹಳ್ಳಹಳ್ಳಕ್ಕೂ ಸಿಮೆಂಟಿನ ಮಣ್ಣುತಡೆ ಗೋಡೆಗಳೂ ಇರ್ತವೆ, ಅವನ್ನು ಯಾವ ವಿಡಿಯೊದವರೂ ತೋರಿಸಲ್ಲ. ಮೇಲೆ ಹತ್ತೋಕಾಗದ ಇವಾನಾ ಅವುಗಳ ಬುಡದಲ್ಲೇ ಸುತ್ತಾಡ್ತಿರ್ತವೆ.

---

ಕೂಳಿ_ಸುಬ್ಬ

ಮಂಜಣ್ಣ, ಗರಿ ಕಟ್ಟೋದು ಹೇಗೆ ಅಂತ ಒಂದು ಫೋಟೊ ಹಾಕಿ. ನಮ್ಮ ಹುಂಜ ಬೆಳಿಗ್ಗೆಯಿಂದ ನನ್ನ ಕಂಡ್ರೆ ಓಡ್ತಾ ಇದೆ.

---

ಸಾಗರದ_ಹೈದ

ಮೂರು ವಾರದ ನಂತರದ ವರದಿ. ಕೋಲು ತಗೊಂಡೆ, 3.3 ಮೀಟರ್, 6:4. ಭಾನುವಾರ ಅದೇ ಹಳ್ಳಕ್ಕೆ ಹೋಗಿದ್ದೆವು. ಮೊದಲ ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಮೊಣಕಾಲೂರಿ ಬಂಡೆ ಹಿಂದಿನಿಂದ ಬೀಸಿದೆ, ಎರಡು ಬಂತು, ಅಂಗೈಯುದ್ದದ್ದು. ಬೆನ್ನ ಮೇಲೆ ಹುಳ ಹರಿದ ಹಾಗಿನ ಗೆರೆ, ಹೊಟ್ಟೆ ಕೆಂಪು, ರೆಕ್ಕೆಯಂಚು ಬಿಳಿ. ಎರಡು ವರ್ಷದಲ್ಲಿ ಅಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಆಮೇಲೆ ಕೋಲು ಮಗಳ ಕೈಗೆ ಹೋಯ್ತು, ನನಗೆ ವಾಪಸ್ ಸಿಗಲಿಲ್ಲ.

ಒಂದು ಪ್ರಶ್ನೆ. ಗಾಳ ಪೈನ್ ಕೊಂಬೆಗೆ ಸಿಕ್ಕಿಕೊಂಡಿತ್ತು. ಅವಳು "ಎಳೀಬಾರದು ಅಂತ ಆ ಅಂಕಲ್ ಬರೆದಿದ್ದಾರೆ" ಅಂತ ಹೇಳ್ತಾನೇ ಇದ್ದಳು. ನಾನು ಎಳೆದೆ.

ತುದಿಯ ತುಂಡು ಬಿಡಿಯಾಗಿ ಎಲ್ಲಿ ಸಿಗುತ್ತೆ?